ಕಂಕುಳು ಒಣಗಿತಾ, ಎದೆ ತಿಳಿಯಾಯಿತಾ

ನಮ್ಮ ಹಾವೇರಿ ಕಡೆ ಕೀಟನಾಶಕವನ್ನು ಯಾರೂ ಕೀಟನಾಶಕ ಅನ್ನುವುದಿಲ್ಲ. ಎಣ್ಣಿ ಅನ್ನುತ್ತಾರೆ, ಇಲ್ಲಾ ಔಷಧಿ ಅನ್ನುತ್ತಾರೆ. ಹತ್ತಿಗೆ ಎಣ್ಣಿ ಹೊಡೆಯುವುದು, ಮೆಣಸಿನಗಿಡಕ್ಕೆ ಔಷಧಿ ಹೊಡೆಯುವುದು. ಹಾಗಾಗಿ ರಾತ್ರಿ ಹೊತ್ತು ಆಸ್ಪತ್ರೆ ಮುಂದೆ ಗಾಡಿ ಬಂದು ನಿಂತು, ‘ಎಣ್ಣಿ ಕುಡದಾನ್ರೀ’ ಅಂತ ಯಾರಾದರೂ ಕೂಗಿದರೆ ಡಾಕ್ಟರಾದ ನಾನು ಮೊದಲು ಕೇಳುವುದು ಇಷ್ಟೇ. ‘ಯಾವ ಎಣ್ಣಿ? ಬಾಟ್ಲಿ ತಂದೀರೇನು?’

ಕೆಲಸಕ್ಕೆ ಸೇರಿದ ವರ್ಷವೇ ಒಬ್ಬ ಹುಡುಗನನ್ನು ಕಳೆದುಕೊಂಡೆ. ಅವನು ಏನನ್ನೂ ಕುಡಿದಿರಲಿಲ್ಲ. ಹತ್ತಿಗೆ ಎಣ್ಣಿ ಹೊಡೆಯಲು ಹೋಗಿದ್ದ. ಬೆನ್ನಿಗೆ ಹಾಕಿದ ಪಂಪು ಸೋರುತ್ತಿತ್ತು. ಮಧ್ಯಾಹ್ನದ ಬಿಸಿಲು, ಎದುರು ಗಾಳಿ. ಅಂಗಿ ತೊಯ್ದು ಬೆನ್ನಿಗೆ ಅಂಟಿತ್ತು. ಮನೆಯವರು ‘ಬಿಸಲು ಬಡದೈತ್ರೀ’ ಅಂದರು. ವಾಂತಿ, ಬೆವರು, ತಲೆಸುತ್ತು. ನಾನೂ ಹಾಗೇ ಅಂದುಕೊಂಡು ಸಲೈನ್ ಹಚ್ಚಿದೆ. ಕಣ್ಣಿನ ಪಾಪೆ ನೋಡಿದ್ದು ಅರ್ಧ ಗಂಟೆ ಆದ ಮೇಲೆ. ಸೂಜಿಯ ಮೊನೆಯಷ್ಟಿತ್ತು. ಆಗ ಇದು ಎಣ್ಣಿಯ ವಿಷ ಅಂತ ಹೊಳೆದು, ಅದಕ್ಕೆ ಕೊಡುವ ಆಟ್ರೋಪಿನ್ ಇಂಜೆಕ್ಷನ್ ಶುರು ಮಾಡಿದೆ. ಆದರೆ ಅಂಗಿ ಬಿಚ್ಚಿಸಲಿಲ್ಲ. ವಿಷ ಚರ್ಮದಿಂದ ಒಳಗೆ ಇಳಿಯುತ್ತಲೇ ಇತ್ತು. ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಮಾಡಿದೆ. ನಾಡಿ 120 ಮುಟ್ಟಿದ ಕೂಡಲೇ ಹೆದರಿ ಆಟ್ರೋಪಿನ್ ನಿಲ್ಲಿಸಿದೆ. ಎದೆಯ ಗೊರಗೊರ ಸದ್ದು ಹಾಗೇ ಇತ್ತು. ಬೆಳಗಾಗುವ ಮೊದಲು ಹುಡುಗ ಹೋದ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯಲು ಹೋದವರು ಒಬ್ಬರ ಹಿಂದೆ ಒಬ್ಬರು ಸತ್ತ ಸುದ್ದಿ ಓದಿದಾಗ ನನಗೆ ನೆನಪಾದದ್ದು ಅವನ ತೊಯ್ದ ಅಂಗಿ.

ಈ ವಿಷಗಳಲ್ಲಿ ನಾವು ಜಾಸ್ತಿ ನೋಡುವುದು ಆರ್ಗನೋಫಾಸ್ಫೇಟ್ ಗುಂಪಿನವು. ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್, ಡೈಮಿಥೊಯೇಟ್ ಇಂಥವು. ನಮ್ಮ ನರಗಳು ಅಸಿಟೈಲ್‌ಕೋಲಿನ್ ಅನ್ನುವ ರಸ ಬಿಟ್ಟು ಸ್ನಾಯುಗಳಿಗೂ ಗ್ರಂಥಿಗಳಿಗೂ ಕೆಲಸ ಹೇಳುತ್ತವೆ. ಹೇಳಿದ್ದಾದ ಮೇಲೆ ಒಂದು ಕಿಣ್ವ ಬಂದು ಆ ರಸವನ್ನು ಒಡೆದು ಹಾಕುತ್ತದೆ. ವಿಷ ಹಿಡಿಯುವುದು ಆ ಕಿಣ್ವವನ್ನು. ಆಮೇಲೆ ನಲ್ಲಿ ತಿರುವಿದವರೇ ಎಲ್ಲಾ, ಬಂದ್ ಮಾಡುವವರು ಯಾರೂ ಇಲ್ಲ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ಭೇದಿ. ನಾಡಿ ಇಳಿಯುತ್ತದೆ, ಮಾಂಸಖಂಡ ಅಲ್ಲಲ್ಲಿ ಅದುರುತ್ತದೆ. ಬೇಗ ಕೊಲ್ಲುವುದು ಶ್ವಾಸನಾಳದಲ್ಲಿ ತುಂಬುವ ನೀರು. ಮಿದುಳು, ಸ್ನಾಯು ಸೋತು ಉಸಿರೇ ನಿಲ್ಲುವುದೂ ಉಂಟು.

ಈಗ ನಾನು ಮಾಡುವುದು ಹೀಗೆ. ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸುತ್ತೇನೆ, ಬಾಯಲ್ಲಿ ತುಂಬಿದ ಜೊಲ್ಲನ್ನು ಮಶೀನಿನಿಂದ ಹೀರಿ ತೆಗೆಸುತ್ತೇನೆ. ಒಬ್ಬರು ಬಟ್ಟೆ ಕತ್ತರಿಸಿ ಚೀಲಕ್ಕೆ ಹಾಕುತ್ತಾರೆ, ಸೋಪು ನೀರಿನಿಂದ ಮೈ, ಕೂದಲು, ಉಗುರು ಸಂದಿ ತೊಳೆಯುತ್ತಾರೆ. ಆದರೆ ತೊಳೆಯುವುದಕ್ಕೆ ಅಂತ ಆಟ್ರೋಪಿನ್ ಕಾಯುವುದಿಲ್ಲ, ಆಕ್ಸಿಜನ್ ಸಿಲಿಂಡರ್ ಬರಲಿ ಅಂತಲೂ ಕಾಯುವುದಿಲ್ಲ. ಮೂರೂ ಒಟ್ಟಿಗೆ ನಡೆಯಬೇಕು.

ಹೊಟ್ಟೆ ತೊಳೆಯಿರಿ ಅಂತ ಮನೆಯವರು ಗಲಾಟೆ ಮಾಡುತ್ತಾರೆ. ಪೈಪು ಹಾಕಿದರೇನೇ ಚಿಕಿತ್ಸೆ ಶುರುವಾಯಿತು ಅನ್ನುವ ನಂಬಿಕೆ. ಎಚ್ಚರ ಇಲ್ಲದವರಿಗೆ ಉಸಿರಿನ ದಾರಿ ಭದ್ರ ಮಾಡದೆ ಪೈಪು ಹಾಕಿದರೆ ಎಲ್ಲಾ ಶ್ವಾಸಕೋಶಕ್ಕೆ ಹೋಗುತ್ತದೆ. ಈ ಎಣ್ಣಿಗಳಲ್ಲಿ ಸೀಮೆಎಣ್ಣೆ ಜಾತಿಯ ದ್ರಾವಕವೂ ಇರುತ್ತದೆ. ಕುಡಿದು ಒಂದು ಗಂಟೆ ದಾಟಿದ್ದರೆ ನಾನು ಸಾಮಾನ್ಯವಾಗಿ ಆ ಕೆಲಸಕ್ಕೆ ಹೋಗುವುದಿಲ್ಲ. ಮನೆಯಲ್ಲೇ ಉಪ್ಪು ನೀರು, ಹುಣಸೆ ನೀರು ಕುಡಿಸಿ ವಾಂತಿ ಮಾಡಿಸುವುದೂ ಇಷ್ಟೇ ಅಪಾಯ. ದಯವಿಟ್ಟು ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ಮಗ್ಗುಲಿಗೆ ಮಲಗಿಸಿ, ಬಾಟ್ಲಿ ಹಿಡಿದುಕೊಂಡು ಬನ್ನಿ, ಸಾಕು.

ಆಟ್ರೋಪಿನ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊಸದಾಗಿ ಬರುವ ಡಾಕ್ಟರುಗಳು ಎಡವುವುದು ಇಲ್ಲೇ. ನಮ್ಮಲ್ಲಿ ಒಂದು ಆಂಪೂಲಿನಲ್ಲಿ 0.6 ಮಿಲಿಗ್ರಾಂ ಇರುತ್ತದೆ. ದೊಡ್ಡವರಿಗೆ ಮೊದಲು 3 ಆಂಪೂಲ್ ಕೊಡುತ್ತೇನೆ. ಗಡಿಯಾರ ನೋಡಿ 5 ನಿಮಿಷ. ಎದೆ ಇನ್ನೂ ಗೊರಗುಟ್ಟುತ್ತಿದ್ದರೆ 6. ಮತ್ತೆ 5 ನಿಮಿಷ, 12. ಮತ್ತೆ 24. ಹೀಗೆ ದುಪ್ಪಟ್ಟು ಮಾಡುತ್ತಾ ಹೋದರೆ ಕಾಲು ಗಂಟೆಯಲ್ಲಿ 45 ಆಂಪೂಲ್, ಅಂದರೆ 27 ಮಿಲಿಗ್ರಾಂ ಒಳಗೆ ಹೋಗಿರುತ್ತದೆ. ಹಳೆಯ ಪದ್ಧತಿಯಲ್ಲಿ ಕಾಲು ಗಂಟೆಗೊಮ್ಮೆ ಎರಡೆರಡು ಕೊಡುತ್ತಾ ಕೂತರೆ ಅಷ್ಟು ಕೊಡಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ರೋಗಿ ಉಳಿಯಬೇಕಲ್ಲ.

ಎಲ್ಲಿ ನಿಲ್ಲಿಸಬೇಕು? ಎರಡೂ ಕಡೆ ಎದೆ ತಿಳಿಯಾಗಿ ಕೇಳಬೇಕು. ನಾಡಿ 80 ದಾಟಬೇಕು, ಮೇಲಿನ ಬಿಪಿ 80 ದಾಟಬೇಕು. ಕಂಕುಳು ಒಣಗಬೇಕು. ಪಾಪೆ ಅಗಲವಾಗುವುದು ತಡ, ಅದೊಂದಕ್ಕೇ ಅಂತ ಸುರಿಯುತ್ತಾ ಕೂರಬಾರದು. ನಾಡಿ 120 ಇದ್ದರೂ ಎದೆ ತುಂಬಿದ್ದರೆ ಕೊಡಲೇಬೇಕು. ಉಸಿರು ಸಿಗದವನ ನಾಡಿ ಓಡುವುದು ಸಹಜ ಅಲ್ವಾ? ಆ ಹುಡುಗನ ರಾತ್ರಿ ನನಗೆ ಇದು ಹೊಳೆಯಲಿಲ್ಲ. ಈಗ ಹೊಸ ಸಿಸ್ಟರುಗಳಿಗೆ ನಾನು ಕಲಿಸುವ ಮೊದಲ ಪಾಠವೇ ಕಂಕುಳಿಗೆ ಕೈ ಹಾಕಿ ನೋಡುವುದು. ಸ್ಟೆತಸ್ಕೋಪ್ ಬೇಡ, ಮಾನಿಟರ್ ಬೇಡ, ಗ್ಲೌಸ್ ಹಾಕಿಕೊಂಡ ಕೈ ಸಾಕು.

ಒಣಗಿದ ಮೇಲೆ, ಆವರೆಗೆ ಕೊಟ್ಟದ್ದರ ಶೇಕಡಾ 10ರಿಂದ 20ರಷ್ಟನ್ನು ಪ್ರತಿ ಗಂಟೆಗೆ ಹನಿಯಾಗಿ ಬಿಡುತ್ತೇನೆ. ಅದೂ ಜಾಸ್ತಿಯಾಗಬಾರದು. ಜ್ವರ ಬಂತು, ಹೊಟ್ಟೆಯಲ್ಲಿ ಸದ್ದಿಲ್ಲ, ಮೂತ್ರ ಕಟ್ಟಿತು, ರೋಗಿ ಹಾಸಿಗೆಯ ಬಟ್ಟೆಯನ್ನು ಸುಮ್ನೆ ಕೀಳುತ್ತಿದ್ದಾನೆ ಅಂದರೆ ಆಟ್ರೋಪಿನ್ ಮಿತಿ ಮೀರಿದೆ. ಸ್ವಲ್ಪ ಹೊತ್ತು ನಿಲ್ಲಿಸಿ, ಕಡಿಮೆ ಮಾಡಿ ಮತ್ತೆ ಶುರು ಮಾಡಬೇಕು. ಕೇಸ್ ಶೀಟಿನಲ್ಲಿ ಬರೆದು ಮನೆಗೆ ಹೋಗುವ ಔಷಧ ಇದಲ್ಲ. ಮೊದಲ ರಾತ್ರಿ ಯಾರಾದರೂ ಒಬ್ಬರು ಹಾಸಿಗೆಯ ಪಕ್ಕ ಕೂತಿರಲೇಬೇಕು.

ಇನ್ನು ಪ್ಯಾಮ್. ವಿಷದ ಹಿಡಿತದಿಂದ ಕಿಣ್ವವನ್ನು ಬಿಡಿಸಬೇಕಾದ ಔಷಧ ಅದು. ಆದರೆ ಹೊತ್ತು ಕಳೆದಂತೆ ಹಿಡಿತ ಗಟ್ಟಿಯಾಗುತ್ತದೆ. ಮೊನೊಕ್ರೊಟೊಫಾಸ್ ಥರದವುಗಳಲ್ಲಿ ಸುಮಾರು ನಾಲ್ಕು ಗಂಟೆಗೇ ಅರ್ಧ ಕಿಣ್ವ ಕೈತಪ್ಪುತ್ತದೆ. ಕ್ಲೋರ್‌ಪೈರಿಫಾಸ್ ಥರದವುಗಳಲ್ಲಿ ಒಂದು ದಿನಕ್ಕಿಂತ ಜಾಸ್ತಿ ಸಮಯ ಸಿಗುತ್ತದೆ. ಬಾಟ್ಲಿ ಕೇಳುವುದು ಇದಕ್ಕೂ ಹೌದು. ಬಾರಾಮತಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಪ್ಯಾಮ್‌ನಿಂದ ಲಾಭ ಅಂದಿತು, 2009ರ ಶ್ರೀಲಂಕಾದ ಅಧ್ಯಯನ ಲಾಭ ಕಾಣಲಿಲ್ಲ ಅಂದಿತು. ಬೇಗ ಬಂದವರಿಗೆ ಆಸ್ಪತ್ರೆಯಲ್ಲಿ ಇದ್ದರೆ ಕೊಡುತ್ತೇನೆ. ಇಲ್ಲದಿದ್ದರೆ, ಎತ್ತು ಮಾರಿ ಹೊರಗಿನಿಂದ ತನ್ನಿ ಅಂತ ಯಾರಿಗೂ ಹೇಳುವುದಿಲ್ಲ. ಜೀವ ಹಿಡಿದು ನಿಲ್ಲಿಸುವುದು ಆಟ್ರೋಪಿನ್ ಮತ್ತು ಉಸಿರು.

ಬಾಟ್ಲಿ ಇಲ್ಲದೆ ಎಲ್ಲದಕ್ಕೂ ಇದನ್ನೇ ಮಾಡಲು ಹೋದರೆ ಕಷ್ಟ. ಪ್ಯಾರಾಕ್ವಾಟ್ ಅನ್ನುವ ಕಳೆನಾಶಕಕ್ಕೆ ಆಟ್ರೋಪಿನ್ ಕೆಲಸ ಮಾಡುವುದಿಲ್ಲ, ಬೇಡದ ಆಕ್ಸಿಜನ್ ಕೊಟ್ಟರೆ ಶ್ವಾಸಕೋಶ ಇನ್ನೂ ಹಾಳಾಗುತ್ತದೆ. ಗೊತ್ತಾಗದಿದ್ದಾಗ ನಾನು ದೆಹಲಿಯ ಏಮ್ಸ್‌ನಲ್ಲಿರುವ ವಿಷ ಮಾಹಿತಿ ಕೇಂದ್ರಕ್ಕೆ, 1800 116 117ಕ್ಕೆ, ಫೋನ್ ಮಾಡುತ್ತೇನೆ.

ಮೂರನೇ ದಿನದ ಮಾತು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಕೆಲವು ವರ್ಷಗಳ ಹಿಂದೆ ಒಬ್ಬ ಚಿಕ್ಕ ವಯಸ್ಸಿನ ಸೊಸೆ ಬಂದಿದ್ದಳು. ‘ಕೆಮ್ಮಿನ ಔಷಧಿ ಅಂತ ತಪ್ಪಿ ಕುಡದಾಳ್ರೀ’ ಅಂದರು. ಪೊಲೀಸ್ ಕೇಸಿನ ಭಯಕ್ಕೆ ಹೀಗೆ ಹೇಳುವುದು ನನಗೆ ಹೊಸದಲ್ಲ. ನಾನು ಅವಳ ತಾಯಿಯನ್ನು ಪಕ್ಕಕ್ಕೆ ಕರೆದು ಹೇಳಿದೆ, ‘ಅವ್ವಾ, ನಾವು ಪೊಲೀಸರಿಗೆ ತಿಳಿಸೋದು ತಿಳಿಸಲೇಬೇಕು. ಆದರ 2017ರ ಮಾನಸಿಕ ಆರೋಗ್ಯ ಕಾಯ್ದೆ ಇಂಥಾ ಸ್ಥಿತಿಯೊಳಗ ಇದ್ದವರಿಗೆ ಶಿಕ್ಷೆ ಬ್ಯಾಡ, ಆರೈಕಿ ಮಾಡ್ರಿ ಅಂತದ. ಖರೇ ಹೇಳು.’ ಹೇಳಿದಳು. ಬಾಟ್ಲಿಯನ್ನೂ ತರಿಸಿದಳು.

ರಾತ್ರಿಯಿಡೀ ಆಟ್ರೋಪಿನ್ ಹೋಯಿತು. ಎರಡನೇ ದಿನ ಹುಡುಗಿ ಎದ್ದು ಕೂತಳು, ಗಂಜಿ ಕುಡಿದಳು. ಮರುದಿನ ಜನರಲ್ ವಾರ್ಡಿಗೆ ಹಾಕಿ ಅಂತ ನಾನೇ ಬರೆದಿದ್ದೆ. ಆ ರಾತ್ರಿ ಸಿಸ್ಟರ್ ಕ್ವಾರ್ಟರ್ಸಿಗೆ ಫೋನ್ ಮಾಡಿದರು. ‘ಸರ್, ಈಕಿ ದಿಂಬಿನಿಂದ ತಲಿ ಎತ್ತವಲ್ಲಳ್ರೀ.’

ಓಡಿಹೋಗಿ ನೋಡಿದೆ. ಎದೆ ತಿಳಿಯಾಗಿತ್ತು, ಕಂಕುಳು ಒಣಗಿತ್ತು. ಕತ್ತು ಮಾತ್ರ ಮೇಲೇಳುತ್ತಿರಲಿಲ್ಲ. ಒಂದೇ ಉಸಿರಿನಲ್ಲಿ ಎಣಿಸು ಅಂದರೆ 8ಕ್ಕೆ ನಿಂತಳು. ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ 1987ರಲ್ಲಿ ಇದನ್ನು ವಿವರಿಸಿ ಇಂಟರ್‌ಮೀಡಿಯೆಟ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಮೊದಲ ಹೊಡೆತ ಇಳಿದ ಮೇಲೆ, 24ರಿಂದ 96 ಗಂಟೆಯೊಳಗೆ, ಕತ್ತು, ಭುಜ, ತೊಡೆ, ಕೊನೆಗೆ ಉಸಿರಾಟದ ಸ್ನಾಯು ಸೋಲುತ್ತವೆ. ಆಟ್ರೋಪಿನ್ ಇದಕ್ಕೆ ನಾಟುವುದಿಲ್ಲ. ಸ್ನಾಯು ಚೇತರಿಸುವ ತನಕ ವೆಂಟಿಲೇಟರ್ ಉಸಿರಾಡಬೇಕು. ನಮ್ಮಲ್ಲಿ ಆಗ ವೆಂಟಿಲೇಟರ್ ಇರಲಿಲ್ಲ. ಶ್ವಾಸನಾಳಕ್ಕೆ ಟ್ಯೂಬ್ ಹಾಕಿ, ಕೈಯಿಂದ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತಾ ಅದೇ ಸಿಸ್ಟರ್ ಹುಬ್ಬಳ್ಳಿವರೆಗೂ ಆಂಬುಲೆನ್ಸಿನಲ್ಲಿ ಹೋದರು. ಅವಳು 11 ದಿನ ವೆಂಟಿಲೇಟರಿನಲ್ಲಿದ್ದಳು.

2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಪ್ರಸಾದಕ್ಕೆ ಇದೇ ಜಾತಿಯ ವಿಷ ಬೆರೆಸಿದಾಗ ನೂರಕ್ಕೂ ಹೆಚ್ಚು ಜನ ಒಟ್ಟಿಗೆ ಆಸ್ಪತ್ರೆ ಸೇರಿದರು. ಒಬ್ಬಳಿಗೆ ಒಂದು ವೆಂಟಿಲೇಟರ್ ಹುಡುಕುವಾಗ ನನಗೆ ಅದು ನೆನಪಾಗಿ, ಅಷ್ಟು ಜನರಿಗೆ ಹುಡುಕಿದ್ದು ಹೇಗಿದ್ದೀತು ಅನ್ನಿಸಿತು.

ಹುಡುಗಿ ಬಂದ ಆ ವಾರದಿಂದ ನಮ್ಮ ಚಾರ್ಟಿನಲ್ಲಿ ನಾಡಿ, ಬಿಪಿ ಜೊತೆಗೆ ಇನ್ನೊಂದು ಸಾಲು ಇದೆ. ‘ತಲೆ ಎತ್ತಿದರು / ಎತ್ತಲಿಲ್ಲ.’ ನಾಲ್ಕು ಗಂಟೆಗೊಮ್ಮೆ, ಐದು ದಿನ. ಗಂಜಿ ಕುಡಿದರು ಅಂತ ಯಾರನ್ನೂ ಅದಕ್ಕಿಂತ ಮೊದಲು ಕಳಿಸುವುದಿಲ್ಲ.

ತಿಂಗಳ ಮೇಲೆ ಅವಳು ತಾಯಿಯ ಜೊತೆ ಬಂದಳು. ಕೆಲವರಿಗೆ ಎರಡು ಮೂರು ವಾರದ ನಂತರ ಪಾದ ಜೋಮು ಹಿಡಿದು ಕಾಲು ಸೋಲುತ್ತದೆ, ಅದನ್ನು ನೋಡಬೇಕಿತ್ತು. ಹಿಮ್ಮಡಿ ಮೇಲೆ ನಡಿ ಅಂದೆ. ಗೋಡೆ ಹಿಡಿಯದೆ ನಡೆದಳು. ಈಗ ತವರಿನಲ್ಲೇ ಇದ್ದಾಳೆ, ಮನೆಯಲ್ಲಿದ್ದ ಎಣ್ಣಿ ಬಾಟ್ಲಿಗಳನ್ನೆಲ್ಲ ಅಣ್ಣ ಊರಾಚೆಯ ಹೊಲದ ಮನೆಗೆ ಸಾಗಿಸಿದ್ದಾನೆ ಅಂತ ತಾಯಿ ಹೇಳಿದಳು. ಮನಸ್ಸು ಭಾರವಾದಾಗ ರಾತ್ರಿಯಾದರೂ ಸರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ‘ಒಂದ್ಸಲ ಮಾಡೀನ್ರಿ, ಹುಬ್ಬಳ್ಳಿಯೊಳಗ ನಂಬರ್ ಕೊಟ್ಟಿದ್ರು’ ಅಂದಳು. ಮುಂದಿನ ತಿಂಗಳು ಮತ್ತೆ ಬಾ ಅಂದೆ. ಬಂದಳು.