ಹದಿಮೂರು ವಾರದ ಕರಾರಿಗೆ ರುಜು ಹಾಕುವ ಮುನ್ನ

ಅಮೆರಿಕದ ಆಸ್ಪತ್ರೆಗಳಲ್ಲಿ ಕಾಯಂ ಸಿಬ್ಬಂದಿ ಸಾಲದಾದಾಗ, ಏಜೆನ್ಸಿಗಳ ಮೂಲಕ ಕೆಲವು ವಾರಗಳ ಮಟ್ಟಿಗೆ ಬೇರೆ ಊರಿನ ನರ್ಸ್‌ಗಳನ್ನು ಕರೆಸಿಕೊಳ್ಳುವ ಪದ್ಧತಿಗೆ ಟ್ರಾವೆಲ್ ನರ್ಸಿಂಗ್ ಎನ್ನುತ್ತಾರೆ. ಕರಾರಿನ ಅವಧಿ ಸಾಮಾನ್ಯವಾಗಿ 13 ವಾರ. ಸಂಬಳ ಕೊಡುವುದು ಆಸ್ಪತ್ರೆಯಲ್ಲ, ಏಜೆನ್ಸಿ. ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಓದಿ, ಅಮೆರಿಕದ ನರ್ಸಿಂಗ್ ಲೈಸೆನ್ಸಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸು ಮಾಡಿ ಅಲ್ಲಿ ನೆಲೆಸಿದವರಿಗೂ ಇಂಥ ಕರೆಗಳು ಬರುತ್ತವೆ. ಒಬ್ಬ ಉದ್ಯೋಗದಾತರಿಗೆ ಮಾತ್ರ ಸೀಮಿತವಾದ ವೀಸಾದಲ್ಲಿರುವವರು, ಇಲ್ಲವೆ ತಮ್ಮನ್ನು ಕರೆಸಿಕೊಂಡ ಸಂಸ್ಥೆಯೊಂದಿಗೆ ಮಾಡಿಕೊಂಡ ಕರಾರು ಇನ್ನೂ ಮುಗಿಯದವರು ಆ ತೊಡಕನ್ನು ಬಿಡಿಸಿಕೊಳ್ಳದೆ ಮುಂದಿನ ಯೋಚನೆ ಮಾಡುವಂತಿಲ್ಲ. ಉಳಿದವರಿಗೆ ಏಜೆನ್ಸಿಯ ಪರವಾಗಿ ನರ್ಸ್‌ಗಳನ್ನು ಹುಡುಕುವ ರಿಕ್ರೂಟರ್ ಫೋನಿನಲ್ಲಿ ಮೊದಲು ಹೇಳುವುದು ವಾರದ ಒಟ್ಟು ಮೊತ್ತವನ್ನು. ತೀರ್ಮಾನಕ್ಕೆ ಅತಿ ಕಡಿಮೆ ನೆರವಾಗುವ ಅಂಕಿಯೂ ಅದೇ.

ಆದ್ದರಿಂದ ಮೊದಲ ಕೆಲಸವೆಂದರೆ ಆ ಮೊತ್ತವನ್ನು ಕಾಗದದ ಮೇಲೆ ಬಿಡಿಸಿ ಬರೆಯುವುದು. ಉದಾಹರಣೆಗೆ ವಾರಕ್ಕೆ 2,100 ಡಾಲರ್ ಎಂದರು ಎಂದಿಟ್ಟುಕೊಳ್ಳೋಣ. ಅದರಲ್ಲಿ ಗಂಟೆಗೆ 25 ಡಾಲರಿನಂತೆ 36 ಗಂಟೆಯ ಸಂಬಳ 900 ಆಗಿದ್ದು, ಮಿಕ್ಕ 1,200 ವಸತಿ ಮತ್ತು ಊಟದ ಭತ್ಯೆಯಾಗಿರಬಹುದು. ಸಂಬಳಕ್ಕೆ ತೆರಿಗೆ ಉಂಟು, ಭತ್ಯೆಗೆ ಇಲ್ಲ ಎಂದು ಏಜೆನ್ಸಿಯವರು ಹೇಳುತ್ತಾರೆ. ಆದರೆ ಆ ವಿನಾಯಿತಿಗೆ ಷರತ್ತುಗಳಿವೆ. ತೆರಿಗೆಯ ಲೆಕ್ಕದಲ್ಲಿ ನಿಮಗೊಂದು ಕಾಯಂ ನೆಲೆ ಬೇರೆ ಕಡೆ ಇರಬೇಕು, ಅಲ್ಲಿನ ಮನೆಯ ಖರ್ಚನ್ನೂ ಹೊಸ ಊರಿನ ವಸತಿಯ ಖರ್ಚನ್ನೂ ನೀವು ಏಕಕಾಲಕ್ಕೆ ಹೊರುತ್ತಿರಬೇಕು. ಬಾಡಿಗೆ ಉಳಿಯಲಿ ಎಂದು ಇದ್ದ ಮನೆಯನ್ನು ಖಾಲಿ ಮಾಡಿ, ಸಾಮಾನನ್ನು ಗೋದಾಮಿಗೆ ಹಾಕಿ ಹೊರಟವರ ಭತ್ಯೆ ತೆರಿಗೆಗೆ ಒಳಪಡುವ ಸಾಧ್ಯತೆ ಹೆಚ್ಚು. ಒಂದೇ ಊರಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕೆಲಸ ಮಾಡುವುದು ಖಚಿತವಾದರೂ ವಿನಾಯಿತಿ ನಿಲ್ಲುತ್ತದೆ. ಇದನ್ನು ರಿಕ್ರೂಟರನ್ನು ಕೇಳಿ ಪ್ರಯೋಜನವಿಲ್ಲ. ತೆರಿಗೆ ಸಲಹೆಗಾರರಿಗೆ ಒಂದು ಗಂಟೆಯ ಶುಲ್ಕ ಕೊಡುವುದೇ ಲೇಸು.

ಸಂಬಳದ ದರ ತಗ್ಗಿದಷ್ಟೂ ಓವರ್‌ಟೈಮಿನ ದರವೂ ತಗ್ಗುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ವಾರಕ್ಕೆ 40 ಗಂಟೆ ದಾಟಿದ ಮೇಲೆ ಒಂದೂವರೆ ಪಟ್ಟು ಕೊಡಬೇಕೆಂದು ಒಕ್ಕೂಟ ಸರ್ಕಾರದ ಕಾನೂನು ಹೇಳುತ್ತದಾದರೂ, 25ರ ಒಂದೂವರೆ ಪಟ್ಟು ಬರೀ 37.50. ಕೆಲಸ ಮಾಡಿದ ಗಂಟೆಗಳಿಗೆ ತಕ್ಕಂತೆ ಏರಿಳಿಯುವ ಭತ್ಯೆಯು ಸಂಬಳದಂತೆಯೇ ಇದೆ, ಅದನ್ನೂ ಓವರ್‌ಟೈಮ್ ದರಕ್ಕೆ ಸೇರಿಸಬೇಕು ಎಂದು ಅಲ್ಲಿನ 9ನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿದೆ. ಕ್ಯಾಲಿಫೋರ್ನಿಯಾ ಸೇರಿದಂತೆ ಪಶ್ಚಿಮದ ಹಲವು ರಾಜ್ಯಗಳು ಈ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತವೆ.

ಎರಡನೆಯದಾಗಿ, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾಗಿ, ಖಾತರಿ ಗಂಟೆಗಳ ಷರತ್ತನ್ನು, ಅಂದರೆ ಆಸ್ಪತ್ರೆ ಪಾಳಿ ರದ್ದು ಮಾಡಿದರೂ ವಾರಕ್ಕೆ ಎಷ್ಟು ಗಂಟೆಯ ಸಂಬಳ ಖಚಿತ ಎಂಬುದನ್ನು, ಹುಡುಕಿ ಓದಬೇಕು. ರಾತ್ರಿ ಏಳಕ್ಕೆ ಪಾಳಿ ಶುರುವಾಗಬೇಕು; ಊಟದ ಡಬ್ಬಿ ಕಟ್ಟಿ, ಸಮವಸ್ತ್ರ ತೊಟ್ಟು ಕೂತಿದ್ದಾಗ ಐದು ಗಂಟೆಗೆ ಫೋನ್ ಬರುತ್ತದೆ: ‘ಇವತ್ತು ರೋಗಿಗಳು ಕಡಿಮೆ, ನೀವು ಬರುವುದು ಬೇಡ.’ ಮೇಲಿನ ಲೆಕ್ಕದಲ್ಲಿ 12 ಗಂಟೆಯ ಒಂದು ಪಾಳಿ ತಪ್ಪಿದರೆ 300 ಡಾಲರ್ ಸಂಬಳ ಹೋಯಿತು. ತಪ್ಪಿದ ಗಂಟೆಗಳಿಗೆ ಭತ್ಯೆಯನ್ನೂ ಕಡಿತ ಮಾಡುವ ಷರತ್ತಿದ್ದರೆ ಇನ್ನೂ 400 ಹೋಗುತ್ತದೆ. 2,100 ಎಂದಿದ್ದು 1,400ಕ್ಕೆ ಇಳಿಯಿತು, ಮನೆ ಬಾಡಿಗೆ ಮಾತ್ರ ಇಳಿಯಲಿಲ್ಲ. ಆದ ಕಾರಣ ಆಸ್ಪತ್ರೆ ಎಷ್ಟು ಪಾಳಿಗಳನ್ನು ಸಂಬಳವಿಲ್ಲದೆ ರದ್ದು ಮಾಡಬಹುದು, ಇಡೀ ಕರಾರನ್ನೇ ನಡುವೆ ರದ್ದು ಮಾಡಿದರೆ ಎಷ್ಟು ದಿನ ಮೊದಲು ತಿಳಿಸಬೇಕು, ನೀವೇ ಬಿಟ್ಟರೆ ದಂಡವೆಷ್ಟು ಎಂಬ ಮೂರಕ್ಕೂ ಬರಹದಲ್ಲೇ ಉತ್ತರ ಪಡೆಯಬೇಕು. ‘ಹಾಗೆಲ್ಲ ಆಗುವುದಿಲ್ಲ ಬಿಡಿ’ ಎಂಬ ಫೋನಿನ ಭರವಸೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ವಾರ್ಡಿನ ಮ್ಯಾನೇಜರ್ ಫೋನಿನಲ್ಲಿ ಸಂದರ್ಶನ ಮಾಡುವಾಗ ಪ್ರಶ್ನೆ ಕೇಳುವ ಸರದಿ ನಿಮಗೂ ಇದೆ. ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು? ಕ್ಯಾಲಿಫೋರ್ನಿಯಾದಲ್ಲಿ 1999ರ ಕಾಯ್ದೆಯ ಪ್ರಕಾರ ರೂಪುಗೊಂಡು 2004ರಲ್ಲಿ ಜಾರಿಗೆ ಬಂದ ನಿಯಮಗಳು ಐಸಿಯುನಲ್ಲಿ ಇಬ್ಬರು, ತುರ್ತು ವಿಭಾಗದಲ್ಲಿ ನಾಲ್ವರು ಎಂದು ಮಿತಿ ಹಾಕಿವೆ. ಸಾಮಾನ್ಯ ಮೆಡಿಕಲ್ ಮತ್ತು ಸರ್ಜಿಕಲ್ ವಾರ್ಡಿನ ಮಿತಿ ಈಗ ಐವರು. ಹೆಚ್ಚಿನ ರಾಜ್ಯಗಳಲ್ಲಿ ಇಂಥ ಮಿತಿ ಇಲ್ಲವಾದ್ದರಿಂದ ಮ್ಯಾನೇಜರ್ ಹೇಳುವ ಸಂಖ್ಯೆಯೇ ಆಧಾರ. ಸಿಬ್ಬಂದಿ ಕೊರತೆಯಾದಾಗ ಬೇರೆ ವಾರ್ಡಿಗೆ ಮೊದಲು ಕಳುಹಿಸುವುದು ಹಲವೆಡೆ ಹೊರಗಿನಿಂದ ಬಂದವರನ್ನೇ. ಯಾವ ಯಾವ ವಾರ್ಡಿಗೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕೆಲಸ ಪರಿಚಯಿಸಲು ಎಷ್ಟು ದಿನ ಕೊಡುತ್ತಾರೆ ಎಂದೂ ಕೇಳಬೇಕು, ಒಂದೆರಡು ದಿನದಲ್ಲಿ ಮುಗಿಸುವ ಕಡೆಗಳು ಬಹಳ. ಕೊನೆಗೆ, ಈ ಜಾಗ ಏಕೆ ಖಾಲಿಯಾಯಿತು ಎಂದು ವಿಚಾರಿಸಿ. ಹೆರಿಗೆ ರಜೆ ಎಂಬ ಉತ್ತರಕ್ಕೂ, ಕ್ಷಣ ಹೊತ್ತು ಮೌನವಾಗಿದ್ದು ಮಾತು ಬದಲಿಸುವುದಕ್ಕೂ ವ್ಯತ್ಯಾಸವಿದೆ.

ಲೈಸೆನ್ಸಿನ ವಿಷಯ ಬೇಗ ಮುಗಿಯುತ್ತದೆ. 40ಕ್ಕೂ ಹೆಚ್ಚು ರಾಜ್ಯಗಳು ಪರಸ್ಪರ ಮಾನ್ಯತೆಯ ಒಡಂಬಡಿಕೆಯಲ್ಲಿವೆ, ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ಅದರಲ್ಲಿಲ್ಲ. ಅಲ್ಲಿಗೆ ಹೋಗುವವರು ಪ್ರತ್ಯೇಕ ಲೈಸೆನ್ಸಿಗೆ ಸಾಕಷ್ಟು ಮುಂಚೆ ಅರ್ಜಿ ಹಾಕಬೇಕು. ಆರೋಗ್ಯ ವಿಮೆ ಮೊದಲ ದಿನದಿಂದಲೇ ಶುರುವೋ, ತಿಂಗಳ ಬಳಿಕವೋ ಎಂಬುದನ್ನೂ ಜತೆಗೇ ಕೇಳಿಬಿಡಬಹುದು.

ಊರಿನ ಮದುವೆಗೋ ಹಬ್ಬಕ್ಕೋ ರಜೆ ಬೇಕಿದ್ದರೆ ಆ ದಿನಾಂಕಗಳು ರುಜುವಿಗೆ ಮೊದಲೇ ಕರಾರಿನಲ್ಲಿ ಸೇರಬೇಕು, ಆಮೇಲೆ ಕೇಳಿದರೆ ಸಿಗುವುದು ಕಷ್ಟ. ಅದೇ ಆಸ್ಪತ್ರೆಯ ಅದೇ ಕೆಲಸವನ್ನು ಬೇರೆ ಬೇರೆ ಏಜೆನ್ಸಿಗಳು ಬೇರೆ ಬೇರೆ ಮೊತ್ತಕ್ಕೆ ಕೊಡುವುದುಂಟು, ಹೀಗಾಗಿ ಎರಡು ಕಡೆಯ ವಿವರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಆದರೆ ನಿಮ್ಮ ಹೆಸರನ್ನು ಆಸ್ಪತ್ರೆಗೆ ಒಂದೇ ಏಜೆನ್ಸಿ ಕಳುಹಿಸಬೇಕು; ಎರಡು ಕಡೆಯಿಂದ ಹೋದ ಅರ್ಜಿಯನ್ನು ಬದಿಗಿಡುವ ಆಸ್ಪತ್ರೆಗಳಿರುವುದರಿಂದ, ನಿಮ್ಮನ್ನು ಕೇಳದೆ ಎಲ್ಲಿಗೂ ಹೆಸರು ಕಳುಹಿಸಬಾರದೆಂದು ಪ್ರತಿ ರಿಕ್ರೂಟರಿಗೂ ಮೊದಲ ದಿನವೇ ಇಮೇಲಿನಲ್ಲಿ ತಿಳಿಸಿಡಿ.