ಹಳೇ ಕೋವಿ ಎಲ್ಲಿಯದು? ಮುದ್ರೆ ಓದಿ ಪತ್ತೆ ಹಚ್ಚುವ ಬಗೆ

ಶಿರಾ, ಮಧುಗಿರಿ, ಗುಡಿಬಂಡೆ, ಬೂದಿಕೋಟೆ ಕಡೆಯ ಹಳೇ ಮನೆಗಳಲ್ಲಿ ಉದ್ದ ಕೋವಿ ಕಂಡರೆ ‘ಟಿಪ್ಪು ಕಾಲದ್ದು’ ಎಂದುಬಿಡುವುದು ವಾಡಿಕೆ. ಅದನ್ನು ನಂಬುವ ಮೊದಲು ಲೋಹದ ಮೇಲಿನ ಮುದ್ರೆ ನೋಡಬೇಕು.

ಮುದ್ರೆಗೂ ಮೊದಲು ನಳಿಗೆ. ಬಾಯಿಂದ ಮದ್ದು ತುಂಬುವ ಕೋವಿಯಲ್ಲಿ ನೂರು ವರ್ಷದ ಹಿಂದೆ ಜಡಿದ ಕರಿಮದ್ದು ಇಂದಿಗೂ ಹೊತ್ತಿಕೊಳ್ಳಬಲ್ಲದು. ಬಾಯಿಯ ನೇರಕ್ಕೆ ನಿಲ್ಲದೆ, ತೆಳು ಮರದ ಕೋಲನ್ನು ತಳ ಮುಟ್ಟುವವರೆಗೆ ಮೆಲ್ಲಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಅದೇ ಕೋಲನ್ನು ನಳಿಗೆಯ ಹೊರಗೆ ಇಟ್ಟು ನೋಡಿ. ತುದಿಯು ಕಿಡಿ ಹೋಗುವ ತೂತಿಗಿಂತ ಒಂದೆರಡು ಅಂಗುಲ ಮುಂಚೆಯೇ ನಿಂತರೆ ಒಳಗೆ ಮದ್ದಿದೆ ಎಂದೇ ತಿಳಿಯಿರಿ. ಕೆದಕಬೇಡಿ, ಬಿಸಿ ಮಾಡಬೇಡಿ; ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೇ ಬಿಡಿ.

ಮುದ್ರೆ ಅಳಿಯುವುದು ಹೆಚ್ಚಾಗಿ ಆಯುಧಪೂಜೆಯ ದಿನ. ಹುಣಸೆಹಣ್ಣಿನ ಹುಳಿ ಲೋಹವನ್ನು ತಿನ್ನುತ್ತದೆ, ಮರಳು ಕಾಗದ ಅಕ್ಷರದ ಅಂಚು ಸವೆಸುತ್ತದೆ, ಒದ್ದೆ ಅರಿಶಿನ-ಕುಂಕುಮದಡಿ ತುಕ್ಕು ಕೂರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎರಡು ಮೂರು ಹನಿ ಸವರಿ ಒಂದು ರಾತ್ರಿ ಬಿಟ್ಟು ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆ ಬೇಡ, ಕ್ರಮೇಣ ಅಂಟಾಗುತ್ತದೆ. ಆಮೇಲೆ ಕತ್ತಲ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದರೆ ನೇರ ಬೆಳಕಿಗೆ ಕಾಣದ ಅಕ್ಷರ ಮೇಲೇಳುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ.

ಚಕಮಕಿ ಕಲ್ಲಿನ ಅಥವಾ ಕೇಪಿನ ಕೋವಿಯಾದರೆ ಬಲಬದಿಯ ಲಾಕ್ ಪ್ಲೇಟು, ಅಂದರೆ ಕಿಡಿ ಹೊತ್ತಿಸುವ ಭಾಗ ಕೂರಿಸಿದ ಲೋಹದ ತಗಡು ನೋಡಿ. ನಾಲ್ಕು ಭಾಗ ಮಾಡಿದ ಹೃದಯದಾಕಾರದಲ್ಲಿ ವಿ, ಇ, ಐ, ಸಿ ಇದ್ದರೆ ಅದು ಈಸ್ಟ್ ಇಂಡಿಯಾ ಕಂಪನಿಯ ಮಾಲು. ಕಿರೀಟ ಹಿಡಿದು ನಿಂತ ಸಿಂಹವೂ ಕಂಪನಿಯದೇ, ಆದರೆ ಸುಮಾರು 1808ರಿಂದ ಈಚಿನದು. 1853ರ ಎನ್‌ಫೀಲ್ಡ್ ಮಾದರಿಯಲ್ಲಿ ಕುದುರೆಯ (ಕೇಪಿಗೆ ಬಡಿಯುವ ಸುತ್ತಿಗೆಯಂಥ ಭಾಗ) ಹಿಂದೆ ಕಿರೀಟ, ವಿ.ಆರ್. (ವಿಕ್ಟೋರಿಯಾ ರಾಣಿ); ಮುಂದೆ ಇಸವಿ ಮತ್ತು ‘ಟವರ್’. ಹೆಚ್ಚು ಜನ ಎಡವುವುದು ಇಲ್ಲೇ. ಟವರ್ ಎಂದಿದ್ದ ಮಾತ್ರಕ್ಕೆ ಅದು ಲಂಡನ್ನಿನ ಟವರ್ ಕೋಟೆಯೊಳಗೇ ತಯಾರಾಯಿತು ಎಂದಲ್ಲ. ಬರ್ಮಿಂಗ್‌ಹ್ಯಾಮ್ ಮುಂತಾದೆಡೆಯ ಗುತ್ತಿಗೆದಾರರ ಕೆಲಸಕ್ಕೂ ಆ ಮುದ್ರೆ ಬೀಳುತ್ತಿತ್ತು. ‘ವಿಂಡ್ಸರ್’ ಎಂದಿದ್ದರೆ ಇಂಗ್ಲೆಂಡೂ ಅಲ್ಲ, ಅಮೆರಿಕದ ವರ್ಮಾಂಟ್. ನಳಿಗೆಯ ಮೇಲಿನ 24 ಅಥವಾ 25 ಇಸವಿಯಲ್ಲ, ಬಾಯಿಯ ಅಳತೆ.

ನಿಜವಾಗಿ ಟಿಪ್ಪುವಿನದಾದರೆ ಹುಲಿಪಟ್ಟೆಯ ಗೆರೆ, ಪರ್ಶಿಯನ್ ಬರಹ, ಮೌಲೂದಿ ಶಕೆಯ (ಪ್ರವಾದಿಯ ಹುಟ್ಟಿನಿಂದ ಎಣಿಸುವ ಟಿಪ್ಪುವಿನ ಕಾಲಗಣನೆ) ಇಸವಿ ಇರುತ್ತವೆ. ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1215 ಬಂದರೆ 572 ಕೂಡಿಸಿ: 1787. ಎಡದಿಂದ ಓದಿದವರಿಗೆ 5121 ಸಿಕ್ಕಿ ಲೆಕ್ಕವೇ ತಪ್ಪುತ್ತದೆ.

ಬೋಲ್ಟಿನ (ಹಿಂದೆ ಮುಂದೆ ಎಳೆದು ಗುಂಡು ತುಂಬುವ) ಲೀ-ಎನ್‌ಫೀಲ್ಡ್ ರೈಫಲ್‌ನಲ್ಲಿ ಬೋಲ್ಟ್ ಹಿಡಿಯ ಕೆಳಗೆ, ಮರದ ಹಿಡಿ ಸೇರುವ ಲೋಹದ ಬಲಮಗ್ಗುಲಲ್ಲಿ ಮೇಲಿಂದ ಕೆಳಕ್ಕೆ ಓದಿ: ಕಿರೀಟ, ರಾಜನ ಅಕ್ಷರ, ಕಾರ್ಖಾನೆ, ಇಸವಿ, ಮಾದರಿ. ಇ.ಆರ್. ಎಂದರೆ ಎಡ್ವರ್ಡ್, ಜಿ.ಆರ್. ಎಂದರೆ ಜಾರ್ಜ್. ಬಿ.ಎಸ್.ಎ. ಬರ್ಮಿಂಗ್‌ಹ್ಯಾಮಿನದು, ಲಿತ್ಗೋ ಆಸ್ಟ್ರೇಲಿಯಾದ್ದು. ಜಿ.ಆರ್.ಐ. (ರಾಜ-ಚಕ್ರವರ್ತಿ ಜಾರ್ಜ್) ಮತ್ತು ಇಶಾಪುರ ಇದ್ದರೆ ಬಂಗಾಳದ ನಮ್ಮದೇ ಕಾರ್ಖಾನೆ; ಗಣರಾಜ್ಯವಾದ ಮೇಲೆ ಅಲ್ಲಿಯದಕ್ಕೆ ಅಶೋಕನ ಸಿಂಹ ಬಂತು. ತುದಿಗೆ ತುದಿ ತಾಗಿದ ಎರಡು ಬಾಣ ಎಂದರೆ ಸೇನೆ ಮಾರಿಬಿಟ್ಟದ್ದು. ಮರದ ಹಿಡಿಯ ಮೇಲಿನ ಹಿತ್ತಾಳೆ ಬಿಲ್ಲೆ ಬಳಸಿದ ದಳವನ್ನು ಹೇಳುತ್ತದೆಯೇ ಹೊರತು ತಯಾರಾದ ಊರನ್ನಲ್ಲ. ಕೆಜಿಎಫ್ ಗಣಿಯಲ್ಲೂ ಬ್ರಿಟಿಷರ ಕಾಲದಲ್ಲಿ ಸ್ವಯಂಸೇವಕರ ರೈಫಲ್ ದಳವಿತ್ತು. ಬೋಲ್ಟಿನ ನಂಬರೂ ಮೈಯ ನಂಬರೂ ಬೇರೆಯಾದರೆ ಬಿಡಿಭಾಗ ಬದಲಾಗಿದೆ.

ಒಂದು ಮುದ್ರೆ ಇನ್ನೊಂದಕ್ಕೆ ತಾಳೆಯಾಗದಿದ್ದರೆ ನಕಲು ಎಂಬ ಗುಮಾನಿ ಇರಲಿ. ವಿಕ್ಟೋರಿಯಾ 1901ರ ಜನವರಿಯಲ್ಲೇ ತೀರಿಕೊಂಡರು, ವಿ.ಆರ್. ಕೆಳಗೆ 1907 ಬರುವ ಹಾಗಿಲ್ಲ. ಪಾಕಿಸ್ತಾನ-ಅಫ್ಘಾನಿಸ್ತಾನ ಗಡಿಯ ಖೈಬರ್ ಕಡೆಯ ಕೈಕೆಲಸದ ನಕಲಿನಲ್ಲಿ ಇಂಗ್ಲಿಷ್ ‘ಎನ್’ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಕಾಗುಣಿತವೂ ತಪ್ಪಿರುತ್ತದೆ.

ಕೋವಿ ಎಷ್ಟೇ ಹಳೆಯದಿರಲಿ, 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನ ವಿನಾಯಿತಿ ಸಿಗುವುದು ರಿಪೇರಿ ಮಾಡಿದರೂ ಹಾರದ ಆಯುಧಕ್ಕೆ ಮಾತ್ರ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ರಿಯಾಯಿತಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಕ್ಕೆ ಇಲ್ಲ. ಲೈಸೆನ್ಸ್ ಇಲ್ಲದ ಕೋವಿ ಅಟ್ಟದಲ್ಲಿ ಸಿಕ್ಕರೆ ಅಚ್ಚು, ಫೋಟೊ ಎಲ್ಲಾ ಆಮೇಲಾಗಲಿ, ಮೊದಲು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ.