ಬ್ಲೂ ಕಾರ್ಡ್ ಒಂದೇ, ನಿಯಮ ಮಾತ್ರ ಊರಿಗೊಂದು ಏಕೆ?

ಮ್ಯೂನಿಕ್‌ನಲ್ಲಿರುವವರು ಆಮ್‌ಸ್ಟರ್‌ಡ್ಯಾಮ್‌ನ ಗೆಳೆಯರನ್ನು ಕೇಳಿಕೊಂಡು ಬ್ಲೂ ಕಾರ್ಡ್ ಅರ್ಜಿ ತುಂಬಿದರೆ ಎಡವುವ ಸಾಧ್ಯತೆ ಹೆಚ್ಚು. ಹೊರದೇಶಗಳ ಉನ್ನತ ಕೌಶಲದ ಕೆಲಸಗಾರರಿಗೆ ಯುರೋಪಿಯನ್ ಒಕ್ಕೂಟದ ದೇಶಗಳು ಕೊಡುವ ವಾಸ ಮತ್ತು ಉದ್ಯೋಗದ ಪರವಾನಗಿಯಿದು. ಕಾರ್ಡಿನ ಹೆಸರು ಒಂದೇ ಆದರೂ ಅದಕ್ಕೆ ಬೇಕಾದ ಕನಿಷ್ಠ ಸಂಬಳದ ಮಿತಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅದು ‘ಡೈರೆಕ್ಟಿವ್’ ಎಂಬ ಬಗೆಯ ಕಾನೂನಿನಿಂದ ಹುಟ್ಟಿದ್ದೇ ಇದಕ್ಕೆ ಕಾರಣ.

ಯುರೋಪಿಯನ್ ಒಕ್ಕೂಟದ ಕಾನೂನಿಗೆಲ್ಲ ತಾಯಿಬೇರು ಎರಡು ಒಪ್ಪಂದಗಳು. 1957ರಲ್ಲಿ ರೋಮ್‌ನಲ್ಲಿ ಮತ್ತು 1992ರಲ್ಲಿ ಮಾಸ್ಟ್ರಿಕ್ಟ್‌ನಲ್ಲಿ ಸಹಿಯಾದ ಇವು ಹಲವು ತಿದ್ದುಪಡಿಗಳನ್ನು ಕಂಡು, 2009ರ ಡಿಸೆಂಬರ್ 1ರಂದು ಜಾರಿಗೆ ಬಂದ ಲಿಸ್ಬನ್ ಒಪ್ಪಂದದಿಂದ ಹೆಚ್ಚುಕಡಿಮೆ ಇಂದಿನ ರೂಪ ಪಡೆದವು. ಸದಸ್ಯ ದೇಶಗಳು ಇವುಗಳಲ್ಲಿ ಬಿಟ್ಟುಕೊಟ್ಟಷ್ಟೇ ಅಧಿಕಾರ ಒಕ್ಕೂಟಕ್ಕಿದೆ. ಕೆಲಸ ಹುಡುಕಿಕೊಂಡು ಹೊರಗಿನಿಂದ ಬರುವವರ ಸಂಖ್ಯೆಯನ್ನು ನಿರ್ಧರಿಸುವ ಹಕ್ಕನ್ನು ಆಯಾ ದೇಶಗಳೇ ಉಳಿಸಿಕೊಂಡಿವೆ.

ಈ ಬೇರಿನಿಂದ ಒಡೆದ ಕವಲುಗಳಲ್ಲಿ ನಮಗೆ ದಿನನಿತ್ಯ ಎದುರಾಗುವುದು ಎರಡು. ಮೊದಲನೆಯದು ‘ರೆಗ್ಯುಲೇಷನ್’. ಯಾವ ಸಂಸತ್ತೂ ಮತ್ತೆ ಅಂಗೀಕರಿಸಬೇಕಾಗಿಲ್ಲ, ಎಲ್ಲ ಸದಸ್ಯ ದೇಶಗಳಲ್ಲೂ ಅಕ್ಷರಶಃ ನೇರವಾಗಿ ಅನ್ವಯಿಸುತ್ತದೆ. ವಿಮಾನ ಪ್ರಯಾಣಿಕರ ಹಕ್ಕುಗಳ 261/2004 ಸಂಖ್ಯೆಯ ರೆಗ್ಯುಲೇಷನ್ ಇಂಥದ್ದು. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಹೊರಟ ವಿಮಾನವನ್ನು ಕೊನೆ ಗಳಿಗೆಯಲ್ಲಿ ಸಂಸ್ಥೆಯದೇ ತಪ್ಪಿನಿಂದ ರದ್ದುಪಡಿಸಿದರೆ 600 ಯೂರೊವರೆಗೆ ಪರಿಹಾರ ಕೇಳಬಹುದು. ಸಂಸ್ಥೆ ಭಾರತದ್ದಾಗಿದ್ದರೂ ಸರಿ. ಆದರೆ ಬೆಂಗಳೂರಿನಿಂದ ಹೊರಡುವಾಗ ಆ ಹಕ್ಕು ಸಿಗುವುದು ಒಕ್ಕೂಟದೊಳಗಿನ ಊರಿಗೆ ಹೋಗುವ ವಿಮಾನದ ಸಂಸ್ಥೆ ಒಕ್ಕೂಟದ ದೇಶದ್ದಾಗಿದ್ದರೆ ಮಾತ್ರ. ಟಿಕೆಟ್ ಕೊಳ್ಳುವಾಗಲೇ ಇದು ನೆನಪಿರಲಿ.

ಎರಡನೆಯದಾದ ಡೈರೆಕ್ಟಿವ್ ಗುರಿಯನ್ನು ಗೊತ್ತುಮಾಡಿ, ದಾರಿಯನ್ನು ಆಯಾ ದೇಶಕ್ಕೆ ಬಿಡುತ್ತದೆ. 2021ರ ಬ್ಲೂ ಕಾರ್ಡ್ ಡೈರೆಕ್ಟಿವ್ ಪ್ರಕಾರ ಸಂಬಳದ ಸಾಮಾನ್ಯ ಮಿತಿ ಆ ದೇಶದ ಸರಾಸರಿ ಸಂಬಳದ 1ರಿಂದ 1.6 ಪಟ್ಟಿನ ನಡುವೆ ಇರಬೇಕು. 2023ರ ನವೆಂಬರ್ 18ರೊಳಗೆ ದೇಶಗಳು ಇದಕ್ಕೆ ತಕ್ಕ ಕಾನೂನು ಮಾಡಬೇಕಿತ್ತು. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಈ ವ್ಯವಸ್ಥೆಯಿಂದಲೇ ಹೊರಗಿವೆ. ಡಬ್ಲಿನ್‌ಗೆ ಹೊರಟವರು ಅಲ್ಲಿನ ಪರವಾನಗಿಯನ್ನೇ ವಿಚಾರಿಸಬೇಕು.

ಗಡುವು ಮುಗಿದರೂ ಸರ್ಕಾರ ಸುಮ್ಮನಿದ್ದರೆ? ಡೈರೆಕ್ಟಿವ್‌ನ ಮಾತು ಸ್ಪಷ್ಟವೂ ಷರತ್ತಿಲ್ಲದ್ದೂ ಆಗಿದ್ದರೆ, ಅದನ್ನೇ ಹಿಡಿದು ಸರ್ಕಾರದ ವಿರುದ್ಧ ನ್ಯಾಯಾಲಯಕ್ಕೆ ಹೋಗಬಹುದು. ಖಾಸಗಿ ಮಾಲೀಕರ ವಿರುದ್ಧ ಹಾಗೆ ನೇರವಾಗಿ ಹೋಗಲಾಗದು. ಈ ಕೊರತೆಯನ್ನು ಒಂದಿಷ್ಟು ತುಂಬಿದ 1991ರ ಫ್ರಾಂಕೋವಿಚ್ ತೀರ್ಪಿನ ಬಗ್ಗೆ ನನಗೆ ಅಪಾರ ಗೌರವವಿದೆ. ದಿವಾಳಿಯಾದ ಕಂಪನಿಯಿಂದ ಬಾಕಿ ಸಂಬಳ ಸಿಗದ ಇಟಲಿಯ ಕಾರ್ಮಿಕರ ಪ್ರಕರಣವದು. ಡೈರೆಕ್ಟಿವ್ ಜಾರಿಗೊಳಿಸದ ಸರ್ಕಾರವೇ ನಷ್ಟ ತುಂಬಿಕೊಡಬೇಕಾಗಬಹುದು ಎಂದು ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ ಹೇಳಿತು.

ಉಳಿದಂತೆ, ‘ಡಿಸಿಷನ್’ ಯಾರನ್ನು ಉದ್ದೇಶಿಸಿ ಹೊರಡಿಸಲಾಗಿದೆಯೋ ಅವರನ್ನು ಕಟ್ಟಿಹಾಕುತ್ತದೆ. ಶಿಫಾರಸು ಮತ್ತು ಅಭಿಪ್ರಾಯಗಳು ಯಾರನ್ನೂ ಕಟ್ಟಿಹಾಕವು.

ಅರ್ಜಿ ಹಿಡಿದು ಸರ್ಕಾರಿ ಕಚೇರಿಗೆ ಹೋಗುವ ಮುನ್ನ, ಒಕ್ಕೂಟದ ಕಾನೂನುಗಳೆಲ್ಲ ಸಿಗುವ ಯೂರ್-ಲೆಕ್ಸ್ (EUR-Lex) ಜಾಲತಾಣದಲ್ಲಿ ಕಾನೂನಿನ ಸಂಖ್ಯೆ ಹುಡುಕಿ. ರೆಗ್ಯುಲೇಷನ್ ಆಗಿದ್ದರೆ ಅದರ ಪ್ರತಿಯನ್ನೇ ಒಯ್ಯಿರಿ. ಡೈರೆಕ್ಟಿವ್ ಆಗಿದ್ದರೆ, ಅದೇ ಪುಟದಲ್ಲಿ ಪ್ರತಿ ದೇಶವೂ ಮಾಡಿಕೊಂಡ ಕಾನೂನುಗಳ ಪಟ್ಟಿ ಇರುತ್ತದೆ. ನೀವಿರುವ ದೇಶದ ಕಾನೂನಿನ ಹೆಸರನ್ನು ಬರೆದುಕೊಳ್ಳಿ, ಅಧಿಕಾರಿ ಅರ್ಜಿಯನ್ನು ಅಳೆಯುವುದು ಅದರಿಂದಲೇ.